ಸತ್ಯಾಂಶ: ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಯೇ?

"ಹಲ್ಲು ಕ್ಲೀನ್ ಮಾಡಿಸಬೇಡಿ, ಬೇರು ಸಡಿಲವಾಗಿ ಸಂದು ಬೀಳುತ್ತದೆ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿನ ಹೊರಪದರವಾದ ಸಿಮೆಂಟಮ್‌ಗೂ ದವಡೆ ಮೂಳೆಯ ಗೂಡಿಗೂ ನಡುವೆ ಇರುವುದು ಸುಮಾರು 0.2 ಮಿ.ಮೀ. ಜಾಗ. ಅಲ್ಲಿ ಒತ್ತಾಗಿ ಹೆಣೆದ ನಾರುಗಳೇ ಹಲ್ಲನ್ನು ಹಿಡಿದಿಡುತ್ತವೆ, ಅಗಿಯುವಾಗಿನ ಒತ್ತಡವನ್ನೂ ತಡೆದುಕೊಳ್ಳುತ್ತವೆ. ಕ್ಲೀನಿಂಗ್ ಉಪಕರಣ ಈ ನಾರುಗಳನ್ನು ಕೀಳುವುದಿಲ್ಲ.

ಆರೋಗ್ಯವಂತ ವಸಡು ಹಲ್ಲಿನ ಕುತ್ತಿಗೆಯನ್ನು ಕಾಲರಿನಂತೆ ಬಿಗಿಯಾಗಿ ಅಪ್ಪಿರುತ್ತದೆ; ನಡುವಿನ ಬಿರುಕಿನ ಆಳ 1ರಿಂದ 3 ಮಿ.ಮೀ. ಬ್ರಷ್ ತಾಗಿದರೆ ರಕ್ತ ಬಾರದು. (ಬಣ್ಣ ಗುಲಾಬಿಯೇ ಆಗಬೇಕಿಲ್ಲ, ಕಂದು ಛಾಯೆಯೂ ಸಹಜ.)

ಟಾರ್ಟರ್ (ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಕೊಳೆ) ಕೂತಲ್ಲಿ ವಸಡು ಊದಿ, ಬಿರುಕು ಆಳವಾಗಿ, ಕ್ರಮೇಣ ಮೂಳೆ ಕರಗುತ್ತದೆ. ಹಲ್ಲು ಸಡಿಲವಾಗುವುದು ಹೀಗೆ. ಗಾರೆಯಂತೆ ತುಂಬಿದ್ದ ಟಾರ್ಟರ್ ತೆಗೆದು ಊತ ಇಳಿದಾಗ, ಮೊದಲೇ ಇದ್ದ ಸಂದು ಕಣ್ಣಿಗೆ ಬೀಳುತ್ತದೆ. ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆನ್ನಬಹುದು.