ಕಡೇ ಸಲ ಉಚ್ಚೆ ಮಾಡಿದ್ದು ಯಾವಾಗ?

ಪ್ರಾಣಿಗಳ ಡಾಕ್ಟರು ಕೇಳುವ ಪ್ರಶ್ನೆಗಳಲ್ಲಿ ನನ್ನನ್ನು ಜಾಸ್ತಿ ಹೆದರಿಸುವುದು ಇದೇ. ಕೇಳುವುದು ಬೆಕ್ಕಿನ ಬಗ್ಗೆ, ಬೆವರುವುದು ನಾನು. ನಿನ್ನೆ ರಾತ್ರಿಯಾ? ಇವತ್ತು ಬೆಳಿಗ್ಗೆಯಾ? ಬಣ್ಣ ಹೇಗಿತ್ತು, ಎಷ್ಟಿತ್ತು, ತಿಣುಕುತ್ತಿತ್ತಾ? ನನ್ನ ಫೋನಿನಲ್ಲಿ ಅದರ ಸಾವಿರಾರು ಫೋಟೊಗಳಿವೆ. ಮಲಗಿದ್ದು, ಆಕಳಿಸಿದ್ದು, ನನ್ನ ಚಪ್ಪಲಿಯೊಳಗೆ ತಲೆ ತೂರಿಸಿದ್ದು, ಎಲ್ಲ ಇದೆ. ಡಾಕ್ಟರಿಗೆ ಬೇಕಾದ ಸಂಗತಿ ಮಾತ್ರ ಒಂದರಲ್ಲೂ ಇಲ್ಲ.

ಮೂಕಪ್ರಾಣಿ ಅಂತೀವಿ. ಪಾಪ, ಬಾಯಿಲ್ಲ, ಎಲ್ಲಿ ನೋವು ಅಂತ ಹೇಳೋಕೆ ಬರಲ್ಲ ಅಂತೀವಿ. ಆ ಸ್ಟೀಲ್ ಮೇಜಿನ ಪಕ್ಕ ಒಂದು ಸಲ ನಿಂತು ನೋಡಿ. ಮೂಕರಾಗುವುದು ಯಾರು ಅಂತ ಗೊತ್ತಾಗುತ್ತೆ.

ನಮ್ಮ ಮನೆಯಲ್ಲಿ ಇಬ್ಬರು. ನಾಯಿಯ ಹೆಸರು ಗುಂಡ, ಹೆಸರಿಗೆ ತಕ್ಕ ಹಾಗೇ ಇದ್ದಾನೆ. ಬೆಕ್ಕಿನ ಹೆಸರು ಮುನಿ. ಸದಾ ಕಣ್ಣು ಮುಚ್ಚಿ ಕೂತಿರುತ್ತಾನೆ ಅಂತ ಮಗಳು ಇಟ್ಟ ಹೆಸರು. ಕ್ಲಿನಿಕ್ಕಿಗೆ ಕಾಲಿಟ್ಟ ಕೂಡಲೇ ನನಗೆ ನನ್ನ ಹೆಸರು ಹೋಗಿಬಿಡುತ್ತದೆ. "ಗುಂಡನ ಕಡೆಯವರು ಯಾರು?" ಅಂತ ಕೂಗುತ್ತಾರೆ. ನಾನೇ ಅಂತ ಎದ್ದು ನಿಲ್ಲುತ್ತೇನೆ. ಎಷ್ಟೋ ಜನರನ್ನು ಅಲ್ಲಿ ವರ್ಷಗಟ್ಟಲೆ ನೋಡಿದ್ದೇನೆ, ನಾಯಿಗಳಿಗೆ ಬಂದ ಕಜ್ಜಿ, ಕಿವಿನೋವು, ಹೆರಿಗೆ ಎಲ್ಲ ಮಾತಾಡಿದ್ದೇವೆ. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ. ರಸ್ತೆಯಲ್ಲಿ ನಾಯಿ ಇಲ್ಲದೆ ಸಿಕ್ಕರೆ ಗುರುತೂ ಹತ್ತುವುದಿಲ್ಲ.

ಕಾಯುವ ಆ ಕೋಣೆಯಲ್ಲಿ ಒಂದು ವಿಚಿತ್ರ ಸಮಾನತೆ ಇದೆ. ಬೀದಿಯಲ್ಲಿ ಸಿಂಹದ ಹಾಗೆ ಗರ್ಜಿಸುವ ದೊಡ್ಡ ನಾಯಿ ಬೆಂಚಿನ ಕೆಳಗೆ ಮೂತಿ ತೂರಿಸಿ ನಡುಗುತ್ತಿರುತ್ತದೆ. ಅದರ ಎದುರಿಗೇ ಬುಟ್ಟಿಯೊಳಗಿನ ಬೆಕ್ಕು ತನ್ನ ಗಾತ್ರಕ್ಕೆ ಮೀರಿದ ದನಿಯಲ್ಲಿ ಕಿರುಚುತ್ತಿರುತ್ತದೆ. ಬೆಕ್ಕಿನ ಬುಟ್ಟಿಯನ್ನು ನೆಲದ ಮೇಲಿಡಬೇಡಿ, ಎತ್ತರದಲ್ಲಿಟ್ಟು ಮೇಲೊಂದು ಟವೆಲ್ ಹೊದಿಸಿ ಅಂತ ಬಲ್ಲವರು ಹೇಳುತ್ತಾರೆ. ನಾಯಿ ಮೂಗು ತೂರಿಸೋದು ತಪ್ಪುತ್ತೆ, ಬೆಕ್ಕಿನ ಎದೆಬಡಿತ ಸ್ವಲ್ಪ ಇಳಿಯುತ್ತೆ. ನನಗೂ ಯಾರಾದರೂ ಒಂದು ಟವೆಲ್ ಹೊದಿಸಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಆಮೇಲೆ ತೂಕ. ಗುಂಡ ತಕ್ಕಡಿಯ ಮೇಲೆ ಹತ್ತುತ್ತಾನೆ, ಮೂರು ಕಾಲು ಇಡುತ್ತಾನೆ, ನಾಲ್ಕನೆಯದನ್ನು ಬೇಕಂತಲೇ ನೆಲದ ಮೇಲೆ ಬಿಡುತ್ತಾನೆ. ಕಡೆಗೆ ನಾನು ಅವನನ್ನು ಎತ್ತಿಕೊಂಡು ನಿಲ್ಲಬೇಕು, ಆಮೇಲೆ ನಾನೊಬ್ಬನೇ ನಿಲ್ಲಬೇಕು, ಕಳೆಯಬೇಕು. ಕಳೆಯುವ ಲೆಕ್ಕವನ್ನು ಸಹಾಯಕ ಹುಡುಗ ಇಡೀ ಕೋಣೆಗೆ ಕೇಳುವ ಹಾಗೆ ಮಾಡುತ್ತಾನೆ.

"ಏನೇನು ಹಾಕ್ತೀರ ಇವನಿಗೆ?"

ಡಾಕ್ಟರು ತಲೆ ಎತ್ತದೆ ಕೇಳುವ ಪ್ರಶ್ನೆ ಇದು. ದಿನಕ್ಕೆ ಎರಡೇ ಹೊತ್ತು, ಅಳತೆ ಪ್ರಕಾರ, ಅಂತ ನಾನು ಹೇಳುತ್ತೇನೆ. ಊಟದ ಹೊತ್ತಿಗೆ ನನ್ನ ತಟ್ಟೆಯಿಂದ ಜಾರುವುದು, ಮಗಳು ಮೇಜಿನ ಕೆಳಗೆ ದಾಟಿಸುವ ಬಿಸ್ಕತ್ತು, ಪಕ್ಕದ ಮನೆಯವರ ಪ್ರೀತಿ, ಇದ್ಯಾವುದೂ ನನ್ನ ಉತ್ತರದಲ್ಲಿ ಬರುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತ ಗಾದೆ ಇದೆಯಲ್ಲ, ಆ ಕೋಣೆಯಲ್ಲಿ ಕಣ್ಣು ಮುಚ್ಚುವವರು ನಾವು. ಡಾಕ್ಟರು ಗುಂಡನ ಪಕ್ಕೆಯ ಮೇಲೆ ಬೆರಳಾಡಿಸುತ್ತಾರೆ. ತೆಳುವಾಗಿ ಸವರಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕಂತೆ. ಗುಂಡನಲ್ಲಿ ಅದನ್ನು ಅಗೆದು ತೆಗೆಯಬೇಕು. ಅವರು ನನ್ನ ಮುಖ ನೋಡುತ್ತಾರೆ. ನಾನು ಗೋಡೆಯ ಮೇಲಿನ ನಾಯಿಹಲ್ಲಿನ ಚಿತ್ರ ನೋಡುತ್ತೇನೆ. ನಾಯಿಗೆ 42 ಹಲ್ಲು, ಬೆಕ್ಕಿಗೆ 30 ಅಂತ ನನಗೆ ತಿಳಿದದ್ದು ಹೀಗೆ, ಮುಖ ತಪ್ಪಿಸಿಕೊಳ್ಳುವ ಹೊತ್ತಿನಲ್ಲಿ.

ಇನ್ನೊಂದು ಸುಳ್ಳಿದೆ, ಎಲ್ಲರೂ ಹೇಳುವುದು. "ಕಚ್ಚುತ್ತಾ?" "ಅಯ್ಯೋ ಇಲ್ಲ, ಪಾಪದ್ದು." ಡಾಕ್ಟರು ಏನೂ ಅನ್ನುವುದಿಲ್ಲ. ಅವರ ಮೊಣಕೈವರೆಗೆ ಹಳೆ ಗೀರುಗಳಿವೆ, ಒಂದೊಂದೂ ಯಾರೋ ಒಬ್ಬರ ಮನೆಯ ಪಾಪದ್ದರ ಗುರುತು. ಸುಮ್ಮನೆ ಬಾಯಿಪಟ್ಟಿ ತೆಗೆದುಕೊಳ್ಳುತ್ತಾರೆ.

ಪರೀಕ್ಷೆ ಮಾಡುವಾಗ ಗುಂಡ ಅಲ್ಲಾಡದೆ ನಿಲ್ಲುತ್ತಾನೆ. ನನ್ನ ಕಡೆ ನೋಡುವುದೂ ಇಲ್ಲ. ಎಷ್ಟು ಧೈರ್ಯ ನೋಡಿ ಅಂತ ನಾನು ಹೆಮ್ಮೆಪಟ್ಟುಕೊಂಡಿದ್ದೆ. ಕೆಳಗಿಳಿಸಿದ ಮೇಲೆ ಮೇಜನ್ನು ನೋಡಿದೆ. ತಣ್ಣಗಿನ ಸ್ಟೀಲಿನ ಮೇಲೆ ನಾಲ್ಕು ಒದ್ದೆ ಹೆಜ್ಜೆ, ಬೆರಳು ಬೆರಳೂ ಕಾಣುವಷ್ಟು ಸ್ಪಷ್ಟ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಸೆಖೆಗೆ ನಾಲಿಗೆ ಚಾಚಿ ಏದುತ್ತದೆ. ಬೆವರುವುದು ಅಂಗಾಲಿನಲ್ಲಿ, ಹೆದರಿಕೆಯಾದರೂ ಅಲ್ಲೇ. ಅವನು ಹೇಳಬೇಕಾದ್ದನ್ನೆಲ್ಲ ಮೇಜಿನ ಮೇಲೆ ಬರೆದಿಟ್ಟು ಇಳಿದಿದ್ದ. ನಾನು ಓದುವಷ್ಟರಲ್ಲಿ ಸಹಾಯಕ ಹುಡುಗ ಬಟ್ಟೆ ತಂದು ಒರೆಸಿಬಿಟ್ಟ.

ಅವು ಹೇಳುತ್ತಲೇ ಇರುತ್ತವೆ, ನಾವು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತೇವೆ. ಒಂದು ರಾತ್ರಿ ಗುಂಡನ ಕಿವಿ ಮುಟ್ಟಿ, "ಮೈ ಕೆಂಡದ ಹಾಗೆ ಸುಡ್ತಿದೆ" ಅಂತ ಇಡೀ ಮನೆ ಎಬ್ಬಿಸಿ ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ಬಾಲ ಎತ್ತಿ ಥರ್ಮಾಮೀಟರ್ ಇಟ್ಟರು. 38.6 ಡಿಗ್ರಿ ಸೆಲ್ಸಿಯಸ್. ಅಯ್ಯೋ ಜ್ವರ ಅಂದೆ. ಅದು ನಿಮಗಾದರೆ ಜ್ವರ, ಅವನಿಗೆ ಆರೋಗ್ಯ ಅಂದರು. ನಾಯಿ ಬೆಕ್ಕುಗಳ ಮೈ ಬಿಸಿ ಮಾಮೂಲಾಗಿಯೇ 38ರಿಂದ 39 ಡಿಗ್ರಿ ದಾಟುವವರೆಗೆ ಇರುತ್ತದೆ. ಮೂಗು ಒಣಗಿದ್ದರೆ ಕಾಯಿಲೆ, ಒದ್ದೆ ಇದ್ದರೆ ಕ್ಷೇಮ ಅನ್ನುವುದೂ ನಂಬುವ ಮಾತಲ್ಲ. ಅದರ ಬದಲು ತುಟಿ ಎತ್ತಿ ಒಸಡು ನೋಡಿ ಅಂತ ತೋರಿಸಿಕೊಟ್ಟರು. ಗುಲಾಬಿ ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾಗುತ್ತದೆ. ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾದರೆ ರಕ್ತ ಸರಿಯಾಗಿ ಓಡುತ್ತಿದೆ ಅಂತ ಅರ್ಥ. ಆವತ್ತಿನಿಂದ ಗುಂಡ ನನ್ನ ಕೈ ಕಂಡರೆ ಬಾಯಿ ಬಿಗಿ ಹಿಡಿಯುತ್ತಾನೆ.

ಆ ರಾತ್ರಿ ಹೊರಡುವ ಮುಂಚೆ ಮನೆಯ ಡಬ್ಬಿಯಲ್ಲಿದ್ದ ಪ್ಯಾರಸಿಟಮಾಲ್ ಅರ್ಧ ಮುರಿದು ಗುಂಡನ ಬಾಯಿಗೆ ಹಾಕೋಣ ಅಂತಲೂ ಯೋಚಿಸಿದ್ದೆ. ಹೇಳಿಬಿಟ್ಟೆ. ಡಾಕ್ಟರ ಮುಖ ಮೊದಲ ಸಲ ಗಡುಸಾಯಿತು. ಮನೆಯಲ್ಲಿ ಬೆಕ್ಕೂ ಇದೆ ಅಲ್ವಾ ಅಂದರು. ನಮ್ಮ ಲಿವರ್ ಆ ಮಾತ್ರೆಯನ್ನು ಪಳಗಿಸುವ ದಾರಿ ಬೆಕ್ಕಿನ ಲಿವರ್‌ಗೆ ಸರಿಯಾಗಿ ಗೊತ್ತಿಲ್ಲ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನಾಯಿಗೂ ಡಾಕ್ಟರನ್ನು ಕೇಳದೆ ಕೊಡುವ ಹಾಗಿಲ್ಲ. ನಮ್ಮ ಪ್ರೀತಿಯಲ್ಲಿ ಎಷ್ಟು ವಿಷ ಇರುತ್ತೆ ಅಂತ ಅವರು ಕೊಟ್ಟ ಪಟ್ಟಿ ಕೇಳಿದಾಗ ಗೊತ್ತಾಯಿತು. ನಾಯಿಗೆ ಚಾಕೊಲೇಟು, ದ್ರಾಕ್ಷಿ. ಬೆಕ್ಕಿಗೆ ಹೂದಾನಿಯ ಲಿಲ್ಲಿ ಹೂ, ಅದರ ಪರಾಗ ಮೈಗೆ ಅಂಟಿದ್ದನ್ನು ನೆಕ್ಕಿದರೂ ಮೂತ್ರಪಿಂಡ ಹೋಗುತ್ತದೆ.

ಎಲ್ಲ ಕ್ಲಿನಿಕ್ಕೂ ಹೀಗೇ ಅಂತ ಹೇಳಲಾರೆ. ಇದಕ್ಕಿಂತ ಮುಂಚೆ ಹೋಗುತ್ತಿದ್ದ ಒಂದು ಕಡೆ ಡಾಕ್ಟರು ಗುಂಡನನ್ನು ಮುಟ್ಟದೆಯೇ ಚೀಟಿ ಬರೆದರು. ಅವನ ಕಿವಿ ನೋಡಿಸಲು ಹೋಗಿದ್ದೆ, ಹೊಟ್ಟೆಗೆ ಔಷಧಿ ಸಿಕ್ಕಿತು. ಮತ್ತೆ ಹೋಗಲಿಲ್ಲ. ಒಳ್ಳೆಯ ಡಾಕ್ಟರನ್ನು ಗುರುತಿಸಲು ನನ್ನದೊಂದು ಅಳತೆ ಇದೆ, ಶಾಸ್ತ್ರೀಯವೇನಲ್ಲ. ಒಳಗೆ ಹೋದಾಗ ಮೊದಲ ಮಾತು ನನ್ನ ಜೊತೆಯೋ, ನಾಯಿ ಜೊತೆಯೋ? "ಏನಪ್ಪಾ ಗುಂಡ" ಅಂತ ಬೆರಳು ಮೂಸಲು ಕೊಟ್ಟರೆ ನಾನು ಅವರ ಶಿಷ್ಯ.

ಆದರೆ ನನ್ನ ಅನುಮಾನಗಳೂ ಎಲ್ಲ ನ್ಯಾಯವಾದವಲ್ಲ. ಗುಂಡ ಮರಿಯಾಗಿದ್ದಾಗ ಒಂದೇ ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಹಾಕಿಸಬೇಕು ಅಂದಾಗ, ಇದು ದುಡ್ಡು ಮಾಡುವ ದಾರಿ ಅಂತ ಒಳಗೊಳಗೇ ಗೊಣಗಿದ್ದೆ. ಆಮೇಲೆ ಕಾರಣ ತಿಳಿಯಿತು. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಅದು ಲಸಿಕೆಯನ್ನೂ ಹೊರಗಿನ ಶತ್ರು ಅಂತ ಹೊಡೆದು ಹಾಕುತ್ತದೆ. ಆ ಕಾವಲು ಯಾವ ವಾರ ಇಳಿಯುತ್ತೆ ಅನ್ನುವುದು ಮರಿಯಿಂದ ಮರಿಗೆ ಬೇರೆ. ಹಾಗಾಗಿ 16 ವಾರ ತುಂಬುವವರೆಗೂ ಬಾಗಿಲು ತಟ್ಟುತ್ತಲೇ ಇರಬೇಕು. ತಾಯಿಯದೇ ಅಡ್ಡಿ ಅಂತ ಗೊತ್ತಾದ ಮೇಲೆ ಗೊಣಗುವುದು ಕಷ್ಟ.

ನಮ್ಮ ಮಾತಿನಲ್ಲಿ 'ದನದ ಡಾಕ್ಟರು' ಅಂದರೆ ಒಂಚೂರು ತಮಾಷೆ. ಔಷಧಿ ಸರಿ ಕೊಡದ ಮನುಷ್ಯರ ಡಾಕ್ಟರನ್ನು ಬೈಯಲೂ ಅದೇ ಪದ. ಆದರೆ ಈ ವಿದ್ಯೆ ಕಾಲೇಜಿನ ಮೆಟ್ಟಿಲು ಹತ್ತಿದ್ದೇ ದನ ಕುದುರೆಗಳಿಂದ. 1761ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಕ್ಲೋಡ್ ಬೂರ್ಜೆಲಾ ಅನ್ನುವವರು ಮೊದಲ ಪಶುವೈದ್ಯ ಶಾಲೆ ಶುರು ಮಾಡಿದರು. ಅವರು ಕುದುರೆ ಸವಾರಿ ಕಲಿಸುವ ಮೇಷ್ಟರು. ಆಗ ಯುರೋಪಿನಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ದನಗಳು ಮಂದೆಗಟ್ಟಲೆ ಸಾಯುತ್ತಿದ್ದವು. ಆ ದೊಡ್ಡರೋಗ ಭೂಮಿಯಿಂದಲೇ ತೊಲಗಿತು ಅಂತ ಘೋಷಿಸಿದ್ದು 2011ರಲ್ಲಿ. ಮನುಷ್ಯರ ಸಿಡುಬು ಬಿಟ್ಟರೆ ಹೀಗೆ ಬೇರುಸಹಿತ ಹೋದ ರೋಗ ಅದೊಂದೇ. ಅಂದರೆ ಲೆಕ್ಕದಲ್ಲಿ ದನದ ಡಾಕ್ಟರು ನಮ್ಮ ಡಾಕ್ಟರ ಸರಿಸಮ ನಿಂತಿದ್ದಾರೆ, ಅದೂ ಒಬ್ಬ ರೋಗಿಯೂ ತನಗೇನಾಗಿದೆ ಅಂತ ಹೇಳದೆ!

ಇನ್ನು ಮುನಿಯ ವಿಷಯ.

ಬೆಕ್ಕು ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ನಿಸ್ಸೀಮ. ನೋವಾದಾಗಲೂ ಗುರುಗುಟ್ಟಬಲ್ಲದು, ನಾವು ಖುಷಿಯಾಗಿದೆ ಅಂದುಕೊಳ್ಳುತ್ತೇವೆ. ಆ ದಿನ ಮುನಿ ಮರಳಿನ ತಟ್ಟೆಗೆ ಹೋಗಿ ಕೂತ, ಎದ್ದ, ಮತ್ತೆ ಹೋಗಿ ಕೂತ. ಸಂಜೆಯವರೆಗೂ ಇದೇ. ಮಲಬದ್ಧತೆ ಇರಬೇಕು, ನಾಳೆ ನೋಡೋಣ ಅಂದೆ ನಾನು. ಮುನಿ ಸೋಫಾದ ಹಿಂದೆ ಹೋಗಿ ಮುದುರಿ ಕೂತ. ಎತ್ತಲು ಹೋದರೆ ಕೂಗಿದ. ಅವನು ಕೂಗುವ ಬೆಕ್ಕಲ್ಲ. ಬುಟ್ಟಿಗೆ ಹಾಕಿಕೊಂಡು ಹೊರಟೆ. ಮಗಳೂ ಬಂದು ಕೂತಳು.

ಡಾಕ್ಟರು ಹೊಟ್ಟೆಯ ಕೆಳಗೆ ಕೈ ಇಟ್ಟರು. ಕೈ ಅಲ್ಲೇ ನಿಂತಿತು.

"ಕಡೇ ಸಲ ಉಚ್ಚೆ ಮಾಡಿದ್ದು ಯಾವಾಗ?"

ನಾನು ಬಾಯಿ ತೆರೆದೆ. ತಟ್ಟೆ ತೊಳೆಯುವವನು ನಾನೇ, ಆದರೆ ನೋಡಿ ತೊಳೆದವನಲ್ಲ. ಬೆಳಿಗ್ಗೆ ಇರಬಹುದು ಅಂದೆ. ಆಗ ಎರಡನೇ ಕ್ಲಾಸಿನ ನನ್ನ ಮಗಳು, ಯಾರೂ ಕೇಳದೆಯೇ, ಹೇಳಿದಳು. "ಇವತ್ತು ಮಾಡಿಲ್ಲ. ನಿನ್ನೆ ನಾನು ಸ್ಕೂಲಿಗೆ ಹೋಗೋ ಮುಂಚೆ ಮಾಡಿದ. ಆಮೇಲೆ ಬರೀ ಕೂತ್ಕೊಂಡು ಕೂತ್ಕೊಂಡು ಎದ್ದ."

ಡಾಕ್ಟರು ನನ್ನ ಜೊತೆ ಮಾತಾಡುವುದು ಅಲ್ಲಿಗೆ ನಿಲ್ಲಿಸಿದರು. ನೀರು ಕುಡಿದನಾ, ವಾಂತಿ ಮಾಡಿದನಾ, ಅಲ್ಲಿ ನೆಕ್ಕುತ್ತಿದ್ದನಾ, ಎಲ್ಲ ಅವಳನ್ನೇ ಕೇಳಿದರು. ಅವಳ ಹತ್ತಿರ ಎಲ್ಲಕ್ಕೂ ಉತ್ತರ ಇತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಪೂರ್ತಿ ಕಟ್ಟಿಬಿಡುತ್ತದೆ. ಹೋಗಬೇಕಾದ ವಿಷ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಒಂದೆರಡು ದಿನದಲ್ಲಿ ಮುಗಿದೇ ಹೋಗುವ ಕಾಯಿಲೆ. ನಾಳೆ ನೋಡೋಣ ಅನ್ನುವ ಮಾತಿಗೆ ಅದರಲ್ಲಿ ಜಾಗವೇ ಇಲ್ಲ. ಆ ರಾತ್ರಿಯೇ ಅರಿವಳಿಕೆ ಕೊಟ್ಟು ನಾಳಕ್ಕೆ ಸಣ್ಣ ಕೊಳವೆ ಹಾಕಿದರು. ಮೂರು ದಿನ ಅಲ್ಲೇ ಇಟ್ಟುಕೊಂಡರು.

ಮನೆಗೆ ಬಂದಾಗ ಕತ್ತಿನ ಸುತ್ತ ಪ್ಲಾಸ್ಟಿಕ್ ಕೊರಳಪಟ್ಟಿ. ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಕಾಲದಲ್ಲಿ ದೊಡ್ಡವರು ಕತ್ತಿಗೆ ಕಟ್ಟುತ್ತಿದ್ದ ನಿರಿಗೆಯ ಪಟ್ಟಿಯ ನೆನಪಿಗೆ ಅದಕ್ಕೆ ಎಲಿಜಬೆತನ್ ಕಾಲರ್ ಅಂತಲೇ ಹೆಸರು. ಮುನಿ ಬಾಗಿಲಿಗೆಲ್ಲ ಡಿಕ್ಕಿ ಹೊಡೆದುಕೊಂಡು ಮನೆ ತುಂಬ ಓಡಾಡಿದ. ಗುಂಡ ಅವನನ್ನು ಗುರುತಿಸದೆ ಅರ್ಧ ದಿನ ಬೊಗಳಿದ.

ನಾನು ಒಂದು ನೋಟ್‌ಬುಕ್ ತಂದೆ. ಗೆರೆ ಎಳೆದು ಕಾಲಂ ಮಾಡಿದೆ. ಹೊತ್ತು, ಎಷ್ಟು, ಬಣ್ಣ. ಏಳು ದಿನ ಒಂದೂ ಬಿಡದೆ ಬರೆದೆ, ರಾತ್ರಿ ಎದ್ದು ಟಾರ್ಚ್ ಹಾಕಿಕೊಂಡು ಮರಳು ನೋಡಿದೆ. ಎಂಟನೇ ದಿನ ಮರುಪರೀಕ್ಷೆಗೆ ಹೋದಾಗ ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಗಾಗಿ ಕಾಯುತ್ತಾ ನಿಂತಿದ್ದೆ. ಮುನಿ ಮೇಜಿನ ಮೇಲಿದ್ದ, ನಾನು ಎರಡೂ ಕೈಯಲ್ಲಿ ಹಿಡಿದಿದ್ದೆ. ನೋಟ್‌ಬುಕ್ ಮಗಳ ಕೈಯಲ್ಲಿತ್ತು.

"ಕಡೇ ಸಲ ಮಾಡಿದ್ದು ಯಾವಾಗ?" ಅಂದರು ಡಾಕ್ಟರು.

"ಬೆಳಿಗ್ಗೆ ಆರು ನಲವತ್ತಕ್ಕೆ," ಅಂದೆ. ಹೇಳುತ್ತಿದ್ದ ಹಾಗೆಯೇ ನನ್ನ ಅಂಗಿಯ ಮುಂಭಾಗ ಬೆಚ್ಚಗಾಯಿತು. ಮುನಿ ಕಣ್ಣು ಮುಚ್ಚಿಕೊಂಡು, ಯಾವ ಅವಸರವೂ ಇಲ್ಲದೆ, ಧಾರೆಯಾಗಿ ಬಿಡುತ್ತಿದ್ದ. ಮೇಜು ದಾಟಿ ನೆಲಕ್ಕೂ ಇಳಿಯಿತು. ಡಾಕ್ಟರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮಗಳು ಗೋಡೆಯ ಗಡಿಯಾರ ನೋಡಿದಳು, ಪೆನ್ಸಿಲ್ ತೆಗೆದಳು, ಆರು ನಲವತ್ತರ ಕೆಳಗೆ ಬರೆದಳು: 10.15, ಜಾಸ್ತಿ, ಹಳದಿ.