ಸತ್ಯಾಂಶ: ಪಿರಮಿಡ್ ಕಟ್ಟಿದವರು ಚಾವಟಿ ಏಟು ತಿಂದ ಗುಲಾಮರೇ?

‘ಈಜಿಪ್ಟಿನ ಗೀಜಾದ ಪಿರಮಿಡ್ ಕಟ್ಟಿದ್ದು ಒಂದು ಲಕ್ಷ ಗುಲಾಮರು. ಸತ್ತವರನ್ನು ಕಲ್ಲುಗಳ ಸಂದಿಗೇ ತುಂಬಿದರು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಲಕ್ಷದ ಲೆಕ್ಕ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನದು. ಆತ ಬದುಕಿದ್ದೇ ಪಿರಮಿಡ್ ಎದ್ದು ಎರಡು ಸಾವಿರ ವರ್ಷಗಳ ನಂತರ! ಚಾವಟಿಯ ದೃಶ್ಯ ನಮ್ಮ ತಲೆಯಲ್ಲಿ ಕೂತಿದ್ದು ಬಹುಪಾಲು ಸಿನಿಮಾಗಳಿಂದ.

1990ರಲ್ಲಿ ಗೀಜಾದ ಮರಳಿನಲ್ಲಿ ಕುದುರೆಯೊಂದು ಎಡವಿತು. ಕಾಲಿಗೆ ತಾಗಿದ್ದು ಮಣ್ಣಿನ ಇಟ್ಟಿಗೆಯ ಗೋಡೆ. ಅಗೆದಾಗ ಸಿಕ್ಕಿದ್ದು ಕಟ್ಟಡ ಕೆಲಸಗಾರರ ಸ್ಮಶಾನ, ಅದೂ ರಾಜನ ಪಿರಮಿಡ್ಡಿನ ಸನಿಹದಲ್ಲೇ. ಪಕ್ಕದಲ್ಲಿ ರೊಟ್ಟಿ, ಬಿಯರ್ ಇಟ್ಟು ಹೂತಿದ್ದರು. ಗುಲಾಮರಿಗೆ ಇಂಥ ಮರ್ಯಾದೆ ಯಾರು ಕೊಡುತ್ತಾರೆ? ಮುರಿದ ಕೈಮೂಳೆಗಳು ನೆಟ್ಟಗೆ ಕೂಡಿಕೊಂಡಿದ್ದವು. ಅಂದರೆ ಯಾರೋ ಪಟ್ಟಿ ಕಟ್ಟಿ ಆರೈಕೆ ಮಾಡಿದ್ದರು.

ಇನ್ನೂ ಸ್ವಾರಸ್ಯದ್ದು 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಸಿಕ್ಕಿತು: ಮೇರೆರ್ ಎಂಬ ಮೇಸ್ತ್ರಿಯ ದಿನಚರಿ. ತೂರಾ ಗಣಿಯಲ್ಲಿ ಸುಣ್ಣಕಲ್ಲು ತುಂಬಿಸಿ, ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ ಲೆಕ್ಕ, ದಿನದಿನಕ್ಕೆ. ಗೀಜಾದ ಮಹಾ ಪಿರಮಿಡ್ ಕಟ್ಟಿಸಿದ ಖುಫು ದೊರೆಯ ಕಾಲದ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಅದು. ನಮ್ಮ ಸೈಟ್ ಇಂಜಿನಿಯರ್‌ನ ಲಾಗ್‌ಬುಕ್‌ ಇದ್ದಂತೆಯೇ ಒಣ ಒಣ!

ಹಾಗಂತ ಎಲ್ಲರೂ ಖುಷಿಯಿಂದ ಓಡಿಬಂದರೆಂದಲ್ಲ. ಹಳ್ಳಿಗಳಿಂದ ಸರದಿಯ ಮೇಲೆ ಕರೆಸಿಕೊಳ್ಳುವ ಕಡ್ಡಾಯ ದುಡಿಮೆ ಅದರಲ್ಲಿತ್ತು. ಬದಲಿಗೆ ಊಟ, ವಸತಿ ಸಿಗುತ್ತಿತ್ತು. ಜೊತೆಗೆ ವರ್ಷಪೂರ್ತಿ ಅಲ್ಲೇ ಇರುವ ಕುಶಲಕರ್ಮಿಗಳಿದ್ದರು. ತಂಡಗಳು ಕಲ್ಲುಗಳ ಮೇಲೆ ತಮ್ಮ ಹೆಸರು ಗೀಚಿಟ್ಟಿವೆ. ಒಂದರ ಹೆಸರು ‘ಮೆಂಕೌರೆಯ ಕುಡುಕರು’. ಮೆಂಕೌರೆ ಅಂದರೆ ಗೀಜಾದ ಮೂರನೇ ಪಿರಮಿಡ್ ಕಟ್ಟಿಸಿದ ದೊರೆ.