ರೆಗೆ ಬಾಬ್ ಮಾರ್ಲಿ ಒಬ್ಬರ ಸೃಷ್ಟಿಯಲ್ಲ

‘ರೆಗೆ ಸಂಗೀತ ಹುಟ್ಟುಹಾಕಿದ್ದೇ ಬಾಬ್ ಮಾರ್ಲಿ’ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಮಾರ್ಲಿ ಜಮೈಕಾದ ಹೆಸರಾಂತ ಗಾಯಕ, ರೆಗೆ ಅಲ್ಲಿನದೇ ಜನಪ್ರಿಯ ಸಂಗೀತ. ಆದರೆ ಈ ಮಾತು ಸರಿಯಲ್ಲ.

1950ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ‘ಸೌಂಡ್ ಸಿಸ್ಟಮ್’ಗಳದೇ ಅಬ್ಬರ. ದೊಡ್ಡ ದೊಡ್ಡ ಸ್ಪೀಕರ್ ಪೇರಿಸಿ, ಅಮೆರಿಕದ ರಿದಮ್ ಅಂಡ್ ಬ್ಲೂಸ್ ರೆಕಾರ್ಡ್ ಹಾಕಿ ಜನರನ್ನು ಕುಣಿಸುತ್ತಿದ್ದರು. ಅದಕ್ಕೆ ಅಲ್ಲಿನದೇ ಜಾನಪದ ಸಂಗೀತ ‘ಮೆಂಟೊ’ ಬೆರೆತು ‘ಸ್ಕಾ’ ಹುಟ್ಟಿತು. 1966ರ ಹೊತ್ತಿಗೆ ವೇಗ ತಗ್ಗಿ ‘ರಾಕ್‌ಸ್ಟೆಡಿ’ ಆಯಿತು. 1968ರ ಸುಮಾರಿಗೆ ಬಂದದ್ದು ರೆಗೆ. ಗಿಟಾರ್ ತಾಳದ ಪೆಟ್ಟಿನ ಮೇಲೆ ಬೀಳದೆ, ಎರಡು ಪೆಟ್ಟುಗಳ ನಡುವೆ ‘ಚಕ್’ ಎನ್ನುತ್ತದಲ್ವಾ? ಅದು ಸ್ಕಾದಿಂದಲೇ ಬಂದದ್ದು.

1968ರಲ್ಲೇ ಜಮೈಕಾದ ಮೇಟಲ್ಸ್ ತಂಡ ‘ರೆಗೆ’ ಎಂಬ ಪದವನ್ನು ಹಾಡಿನ ಹೆಸರಿಗೇ ತಂದಿತ್ತು. 1969ರಲ್ಲಿ ಜಮೈಕಾದ ಗಾಯಕ ಡೆಸ್ಮಂಡ್ ಡೆಕ್ಕರ್ ಅವರ ‘ಇಸ್ರೇಲೈಟ್ಸ್’ ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್. ಮಾರ್ಲಿಯ ಹೆಸರು ಆಗಿನ್ನೂ ಹೊರಗೆ ಜಾಸ್ತಿ ಜನಕ್ಕೆ ಗೊತ್ತಿರಲಿಲ್ಲ.

ಹಾಗಂತ ಅವರನ್ನು ಸುಮ್ನೆ ಬದಿಗೆ ಸರಿಸುವಂತೆಯೂ ಇಲ್ಲ. ಮಾರ್ಲಿ ತಂಡದ 1973ರ ‘ಕ್ಯಾಚ್ ಎ ಫೈರ್’ ಆಲ್ಬಮ್ಮಿಗೆ ಲಂಡನ್ನಿನಲ್ಲಿ ರಾಕ್ ಗಿಟಾರ್ ಸೇರಿಸಿದರು. ರಾಕ್ ಕೇಳುತ್ತಿದ್ದವರು ರೆಗೆ ಕಡೆ ಕಿವಿಗೊಟ್ಟದ್ದು ಆಮೇಲೆಯೇ.